ನರಕ್ಕೆ ಗುಳ್ಳೆ ಬಿಡುವ ಸೋನೋಗ್ರಫಿ: ಕಿಡ್ನಿ ಸೋತವರ ಲಿವರ್ ಗಂಟಿಗೆ ಇದು ಸರಿಯಾದ ಪರೀಕ್ಷೆಯೇ?

ಪ್ರಶ್ನೆ: ನಮ್ಮ ಕಾಕಾಗ 61 ವರ್ಷ. ಹೆಪಟೈಟಿಸ್-ಬಿ ಇಂದ ಲಿವರ್ ಸಿರೋಸಿಸ್ ಆಗೇತಿ, ಕ್ರಿಯಾಟಿನಿನ್ 2.6 ಐತಿ. ಜಮಖಂಡಿಯೊಳಗ ಮಾಡಿಸಿದ ಸೋನೋಗ್ರಫಿಯೊಳಗ ಲಿವರ್‌ನ್ಯಾಗ 2.2 ಸೆಂಟಿಮೀಟರ್ ಗಂಟು ಕಂಡೈತಿ. ಕಿಡ್ನಿ ಸರಿ ಇಲ್ಲಂತ ಬೆಳಗಾವಿ ಡಾಕ್ಟ್ರು ಸಿಟಿ ಸದ್ಯಕ್ಕ ಬ್ಯಾಡ, ಬಬಲ್ ಕಾಂಟ್ರಾಸ್ಟ್ ಸೋನೋಗ್ರಫಿ ಮಾಡಿಸ್ರಿ ಅಂತ ಬರದು ಕೊಟ್ಟಾರ. ನರದಾಗ ಗಾಳಿ ಹೋದ್ರ ಜೀವಕ್ಕ ಅಪಾಯ ಅಂತಾರಲ್ರೀ, ಮತ್ತ ಬೇಕಂತ ಗುಳ್ಳಿ ಬಿಡೂದು ಹೆಂಗ? ಇದರಿಂದ ಕ್ಯಾನ್ಸರ್ ಹೌದೋ ಅಲ್ಲೋ ಖಾತ್ರಿ ಆಗ್ತೈತೇನು? ಅದ ಗುಳ್ಳಿಯೊಳಗ ಔಷಧ ತುಂಬಿ ಗಡ್ಡಿಗೆ ಮುಟ್ಟಸ್ತಾರಂತ ಕೇಳೇವಿ. ಅದನ್ನೂ ಕೂಡೇ ಮಾಡಸಬಹುದೇನ್ರಿ?
(ಜಮಖಂಡಿ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಮೊದಲು ಗಾಳಿಯ ಲೆಕ್ಕ ಮುಗಿಸೋಣ. ನರಕ್ಕೆ ಗಾಳಿ ಹೋದರೆ ಅಪಾಯ ಎಂಬುದು ಸುಳ್ಳಲ್ಲ. ಆದರೆ ಎಷ್ಟು ಗಾಳಿ, ಎಷ್ಟು ದೊಡ್ಡ ಗುಳ್ಳೆ ಎಂಬುದರ ಮೇಲೆ ಎಲ್ಲ ನಿಂತಿದೆ. ದೊಡ್ಡವರಿಗೆ ಒಮ್ಮೆಲೇ 200ರಿಂದ 300 ಎಂಎಲ್ ಗಾಳಿ ನುಗ್ಗಿದರೆ ಅದು ಹೃದಯದ ಬಲಭಾಗದಲ್ಲಿ ಸಿಕ್ಕಿಕೊಂಡು ರಕ್ತವನ್ನು ಮುಂದೆ ಬಿಡುವುದಿಲ್ಲ, ಪ್ರಾಣಕ್ಕೇ ಬರುತ್ತದೆ. ಸೋನೋವ್ಯೂ ಎಂಬ ಗುಳ್ಳೆ ಔಷಧವಾದರೆ ನಿಮ್ಮ ಕಾಕಾ ಅವರಿಗೆ ಕೊಡುವ ಡೋಸ್ ಒಟ್ಟು 2.4 ಎಂಎಲ್ ದ್ರವ. ಎಂಎಲ್‌ಗೆ 8 ಮೈಕ್ರೋಲೀಟರ್‌ನಂತೆ ಅದರಲ್ಲಿರುವ ಅನಿಲ ಸುಮಾರು 19 ಮೈಕ್ರೋಲೀಟರ್. ಡ್ರಿಪ್ ಸೆಟ್‌ನಿಂದ ಬೀಳುವ ಒಂದು ಹನಿಯೇ ಸುಮಾರು 50 ಮೈಕ್ರೋಲೀಟರ್ ಇರುತ್ತದೆ. ಅಂದರೆ ಅರ್ಧ ಹನಿಗೂ ಕಡಿಮೆ ಅನಿಲ, ಅದೂ ಕೋಟಿಗಟ್ಟಲೆ ಚೂರಾಗಿ ಹೋಗುತ್ತದೆ.

ಒಂದೊಂದು ಗುಳ್ಳೆಯ ಅಗಲ ಸರಾಸರಿ 2.5 ಮೈಕ್ರಾನ್. ನೂರಕ್ಕೆ ತೊಂಬತ್ತು ಗುಳ್ಳೆಗಳು 6 ಮೈಕ್ರಾನ್‌ಗಿಂತ ಸಣ್ಣವು. ನಮ್ಮ ಕೆಂಪು ರಕ್ತಕಣದ ಅಗಲ 7ರಿಂದ 8 ಮೈಕ್ರಾನ್. ಆದ್ದರಿಂದ ರಕ್ತಕಣ ನುಸುಳುವ ಎಲ್ಲ ಸಂದಿಯಲ್ಲೂ ಈ ಗುಳ್ಳೆ ನುಸುಳುತ್ತದೆ. ತೋಳಿನ ನರದಿಂದ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶದ ಕೂದಲಿಗಿಂತ ತೆಳುವಾದ ನಾಳಗಳನ್ನು ದಾಟಿ ಲಿವರ್‌ಗೆ ಬರುತ್ತದೆ, ಎಲ್ಲೂ ಅಡ್ಡಗಟ್ಟುವುದಿಲ್ಲ.

ಒಳಗೆ ಇರುವುದು ಗಾಳಿಯೂ ಅಲ್ಲ. ಇಷ್ಟು ಸಣ್ಣ ಗಾಳಿಗುಳ್ಳೆಯನ್ನು ನೀರಿನ ಮೇಲ್ಮೈ ಎಳೆತವೇ ಹಿಂಡಿಹಾಕುತ್ತದೆ. 1 ಮೈಕ್ರಾನ್ ತ್ರಿಜ್ಯದ ಗುಳ್ಳೆಯ ಮೇಲೆ ಬೀಳುವ ಹೆಚ್ಚುವರಿ ಒತ್ತಡ ನಮ್ಮ ಸುತ್ತಲಿನ ವಾಯುಒತ್ತಡದ ಸುಮಾರು 1.4 ಪಟ್ಟು. ಗಾಳಿಯಾದರೆ ಕ್ಷಣದಲ್ಲಿ ರಕ್ತದಲ್ಲಿ ಕರಗಿಹೋದೀತು. ಅದಕ್ಕೇ ಬೇಗ ಕರಗದ ಭಾರವಾದ ಅನಿಲ ತುಂಬುತ್ತಾರೆ. ಸೋನೋವ್ಯೂದಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್, ಇಂಥವೇ ಬೇರೆ ಔಷಧಗಳಾದ ಡೆಫಿನಿಟಿ ಮತ್ತು ಆಪ್ಟಿಸನ್‌ನಲ್ಲಿ ಪರ್‌ಫ್ಲೂಟ್ರೆನ್, ಸೋನಾಜಾಯ್ಡ್‌ನಲ್ಲಿ ಪರ್‌ಫ್ಲೋರೋಬ್ಯುಟೇನ್. (ಸಲ್ಫರ್ ಹೆಕ್ಸಾಫ್ಲೋರೈಡ್ ಎಂದರೆ ವಿದ್ಯುತ್ ಸಬ್‌ಸ್ಟೇಷನ್‌ಗಳ ಬ್ರೇಕರ್‌ನಲ್ಲಿ ತುಂಬುವ ಅನಿಲವೇ. ಹೆಸರು ಕೇಳಿ ಗಾಬರಿಯಾಗಬೇಡಿ, ದೇಹದಲ್ಲಿ ಯಾವುದರ ಜೊತೆಗೂ ಕೂಡುವ ಗುಣ ಅದಕ್ಕಿಲ್ಲ.) ಹೊರಗಿನ ಪೊರೆ ಕೊಬ್ಬಿನದು, ಆಪ್ಟಿಸನ್‌ನದು ಮಾತ್ರ ಅಲ್ಬುಮಿನ್ ಪ್ರೋಟೀನಿನದು. ಗುಳ್ಳೆ ಒಡೆದ ಮೇಲೆ ಅನಿಲ ಉಸಿರಿನಲ್ಲಿ ಹೊರಬೀಳುತ್ತದೆ. ಸೋನೋವ್ಯೂ ಅನಿಲದ 80 ಪ್ರತಿಶತಕ್ಕೂ ಹೆಚ್ಚು ಎರಡು ನಿಮಿಷದಲ್ಲಿ, ಹೆಚ್ಚೂಕಡಿಮೆ ಪೂರ್ತಿ ಹದಿನೈದು ನಿಮಿಷದಲ್ಲಿ ಹೋಗಿರುತ್ತದೆ. ಕಿಡ್ನಿಗೆ ಇದರಲ್ಲಿ ಕೆಲಸವೇ ಇಲ್ಲ. ನಿಮ್ಮ ಡಾಕ್ಟರ್ ಇದನ್ನು ಬರೆದುಕೊಟ್ಟ ಕಾರಣವೂ ಅದೇ. 61 ವಯಸ್ಸಿಗೆ ಕ್ರಿಯಾಟಿನಿನ್ 2.6 ಎಂದರೆ ಕಿಡ್ನಿ ಸೋಸುವ ವೇಗ ನಿಮಿಷಕ್ಕೆ 27 ಎಂಎಲ್ ಆಸುಪಾಸು. 30ರ ಕೆಳಗೆ ಇಳಿದವರಿಗೆ ಸಿಟಿಯ ಅಯೋಡಿನ್ ಬಣ್ಣ ಕೊಡುವ ಮುನ್ನ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಹಾಗೆಂದು ಸಿಟಿ, ಎಂಆರ್‌ಐ ಬಾಗಿಲು ಮುಚ್ಚಿಯೇ ಹೋಯಿತು ಅಂತಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಗುಳ್ಳೆ ಏಕೆ ಹೊಳೆಯುತ್ತದೆ? ಸೋನೋಗ್ರಫಿಯ ಶಬ್ದದ ಅಲೆ ತಾಗಿದಾಗ ಲಿವರ್, ಮಾಂಸ, ರಕ್ತ ಇವು ಬಹುಮಟ್ಟಿಗೆ ಗಟ್ಟಿಯಾಗಿಯೇ ನಿಲ್ಲುತ್ತವೆ. ಅನಿಲದ ಗುಳ್ಳೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಪಂಚಮಿ ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ಜೀಕಿದರೆ ಸಣ್ಣ ನೂಕಿಗೂ ಎತ್ತರಕ್ಕೆ ಏರುವಂತೆ, ಗುಳ್ಳೆಗೂ ತನ್ನದೇ ಒಂದು ಲಯ ಉಂಟು. ಕೆಲವೇ ಮೈಕ್ರಾನ್ ಗಾತ್ರದ ಗುಳ್ಳೆಯ ಲಯ ಬೀಳುವುದು ಹೊಟ್ಟೆ ಸ್ಕ್ಯಾನಿಗೆ ಬಳಸುವ ಮೆಗಾಹರ್ಟ್ಜ್ ಶಬ್ದದ ವ್ಯಾಪ್ತಿಯಲ್ಲೇ. ಇದು ಯಾರೂ ಹೂಡಿದ್ದಲ್ಲ, ತಾನಾಗಿ ಕೂಡಿಬಂದದ್ದು. ಇನ್ನೂ ಒಂದು ಗುಣವಿದೆ: ಹಿಗ್ಗುವಷ್ಟು ಸುಲಭವಾಗಿ ಗುಳ್ಳೆ ಕುಗ್ಗುವುದಿಲ್ಲ. ಹಾಗಾಗಿ ಅದರಿಂದ ಮರಳುವ ಸದ್ದಿನಲ್ಲಿ ನಾವು ಕಳಿಸಿದ ಆವರ್ತನದ ಜೊತೆ ಅದರ ಎರಡು ಪಟ್ಟಿನ ಆವರ್ತನವೂ ಬೆರೆತಿರುತ್ತದೆ. ಯಂತ್ರ ಒಂದು ಅಲೆ ಕಳಿಸಿ, ಹಿಂದೆಯೇ ಅದನ್ನೇ ತಲೆಕೆಳಗು ಮಾಡಿ ಇನ್ನೊಂದು ಕಳಿಸುತ್ತದೆ. ಎರಡರ ಪ್ರತಿಧ್ವನಿ ಕೂಡಿಸಿದಾಗ ಮಾಂಸದ ಸದ್ದು ವಜಾ ಆಗಿ ಗುಳ್ಳೆಯದಷ್ಟೇ ಉಳಿಯುತ್ತದೆ. ಪರದೆಯ ಮೇಲೆ ಲಿವರ್ ಕಪ್ಪಾಗಿ, ರಕ್ತ ಹರಿದಲ್ಲಿ ಬೆಳ್ಳಗೆ ಮೂಡುವುದು ಹೀಗೆ. 1968ರಲ್ಲಿ ಗ್ರಾಮಿಯಾಕ್ ಮತ್ತು ಶಾ ಎಂಬಿಬ್ಬರು ಇಂಜೆಕ್ಷನ್ ಕೊಡುವಾಗ ಮಹಾಧಮನಿಯ ಬುಡದಲ್ಲಿ ಪ್ರತಿಧ್ವನಿ ಮೂಡಿದ್ದನ್ನು ವರದಿ ಮಾಡಿದ್ದರು. ಈ ವಿದ್ಯೆಯ ಬೇರು ಅಲ್ಲಿದೆ.

ಇಲ್ಲಿ ಎಲ್ಲಕ್ಕೂ ಕೀಲಿ ಶಬ್ದದ ಒತ್ತಡ. ಅದನ್ನು ಯಂತ್ರ ಎಂಐ ಎಂಬ ಅಂಕಿಯಲ್ಲಿ ಪರದೆಯ ಮೂಲೆಯಲ್ಲಿ ತೋರಿಸುತ್ತಿರುತ್ತದೆ. ಮಾಮೂಲಿ ಸ್ಕ್ಯಾನಿನಲ್ಲಿ ಅದು 1ರ ಮೇಲೂ ಹೋಗುತ್ತದೆ, ಮಿತಿ 1.9. ಗುಳ್ಳೆ ಪರೀಕ್ಷೆಗೆ 0.1ರ ಆಸುಪಾಸು ಅಥವಾ ಅದಕ್ಕೂ ಕೆಳಗೆ ಇಡಬೇಕು. ಮೇಲೆ ಏರಿಸಿದರೆ ಗುಳ್ಳೆಗಳು ಒಡೆದುಹೋಗುತ್ತವೆ, ಕಾಣಲು ಏನೂ ಉಳಿಯುವುದಿಲ್ಲ. ಕಡಿಮೆ ಒತ್ತಡದಲ್ಲಿ ಗುಳ್ಳೆ ತೋರಿಸುತ್ತದೆ, ಸ್ವಲ್ಪ ಹೆಚ್ಚಿಸಿದರೆ ಪಕ್ಕದ ನಾಳದ ಗೋಡೆಯನ್ನು ಸಡಿಲಿಸುತ್ತದೆ, ಇನ್ನೂ ಹೆಚ್ಚಿಸಿದರೆ ಸಿಡಿದು ಗೋಡೆಯನ್ನೇ ಹರಿಯುತ್ತದೆ. ನಿಮ್ಮ ಔಷಧದ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ.

ಈಗ ಪರೀಕ್ಷೆ. ಸೋನೋವ್ಯೂ ಬರುವುದು 25 ಮಿಲಿಗ್ರಾಂ ಬಿಳಿ ಪುಡಿಯ ಬಾಟಲಿಯಾಗಿ. ಪುಡಿಯ ಮೇಲಿನ ಜಾಗದಲ್ಲಿ ಅನಿಲ ತುಂಬಿರುತ್ತದೆ. ಅದಕ್ಕೆ 5 ಎಂಎಲ್ ಮಾಮೂಲಿ ಸಲೈನ್ ಸೇರಿಸಿ 20 ಸೆಕೆಂಡು ಜೋರಾಗಿ ಅಲುಗಾಡಿಸಿದರೆ ಹಾಲಿನ ಬಣ್ಣದ ದ್ರವವಾಗುತ್ತದೆ. ತಳದಲ್ಲಿ ಪುಡಿ ಉಳಿದಿದ್ದರೆ, ದ್ರವ ಒಂದೇ ಸಮನೆ ಬೆಳ್ಳಗಿಲ್ಲದಿದ್ದರೆ ಆ ಬಾಟಲಿ ಬಳಸುವಂತಿಲ್ಲ. ಸಿದ್ಧವಾದ ಮೇಲೆ ಆರು ಗಂಟೆ ಬರುತ್ತದೆ. ಆದರೆ ಇಟ್ಟಲ್ಲೇ ಇಟ್ಟರೆ ಗುಳ್ಳೆಗಳು ಮೇಲೆ ತೇಲಿ ನಿಲ್ಲುತ್ತವೆ. ಸಿರಿಂಜಿಗೆ ಎಳೆಯುವ ಮುಂಚೆ ಮತ್ತೆ ಅಲುಗಾಡಿಸಬೇಕು, ಎಳೆದ ಕೂಡಲೇ ಕೊಡಬೇಕು. ತುಂಬಿದ ಸಿರಿಂಜನ್ನು ಟ್ರೇಯಲ್ಲಿಟ್ಟು ಡಾಕ್ಟರ್ ಬರಲಿ ಎಂದು ಕಾಯುತ್ತ ಕೂತರೆ ಮೊದಲು ಬರೀ ನೀರು, ಆಮೇಲೆ ಬರೀ ಗುಳ್ಳೆ ಹೋದೀತು.

ಕೈಗೆ ಹಾಕುವ ಕ್ಯಾನುಲಾ 20 ಗೇಜ್ ಇದ್ದರೆ ಒಳ್ಳೆಯದು, ಮೊಣಕೈ ಮಡಿಕೆಯ ನರದಲ್ಲಿ. ತೀರ ಸಣ್ಣ ಸೂಜಿಯಲ್ಲಿ ಒತ್ತಿ ತಳ್ಳಿದರೆ ಗುಳ್ಳೆಗಳು ದಾರಿಯಲ್ಲೇ ಒಡೆಯುತ್ತವೆ. ತ್ರೀ-ವೇ, ಅಂದರೆ ಮೂರು ಬಾಯಿಯ ಪುಟ್ಟ ನಲ್ಲಿ, ಜೋಡಿಸಿದಾಗ ಗುಳ್ಳೆಯ ಸಿರಿಂಜ್ ನೇರ ಬಾಯಿಗೆ, ಸಲೈನ್ ಸಿರಿಂಜ್ ಅಡ್ಡ ಬಾಯಿಗೆ ಇರಬೇಕು. ಇದನ್ನು ಅದಲುಬದಲು ಮಾಡುವುದು ಬಹಳ ಕಡೆ ನಡೆಯುವ ತಪ್ಪು. ತೊಂಬತ್ತು ಡಿಗ್ರಿ ತಿರುವಿನಲ್ಲಿ ಗುಳ್ಳೆಗಳು ಸಾಯುತ್ತವೆ, ಆಮೇಲೆ 'ಔಷಧ ಕೆಲಸ ಮಾಡಲಿಲ್ಲ' ಎಂದು ಬಾಟಲಿಯನ್ನು ದೂರುತ್ತಾರೆ. ಫಿಲ್ಟರ್ ಇರುವ ಲೈನಿನಲ್ಲಂತೂ ಕೊಡಲೇಬಾರದು, ಫಿಲ್ಟರ್ ಗುಳ್ಳೆಗಳನ್ನೇ ಸೋಸಿಬಿಡುತ್ತದೆ. 2.4 ಎಂಎಲ್ ಕೊಟ್ಟು, ಹಿಂದೆಯೇ 5ರಿಂದ 10 ಎಂಎಲ್ ಸಲೈನ್ ತಳ್ಳಿ, ಟೈಮರ್ ಒತ್ತುತ್ತಾರೆ. ಡೋಸ್ ಹೆಚ್ಚಾದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಮೇಲಿನ ಪದರದ ಗುಳ್ಳೆಗಳೇ ಸದ್ದನ್ನೆಲ್ಲ ನುಂಗಿ ಕೆಳಗೆ ಕತ್ತಲು ಕವಿಯುತ್ತದೆ.

ಲಿವರ್‌ಗೆ ರಕ್ತ ಎರಡು ದಾರಿಯಿಂದ ಬರುತ್ತದೆ, ಕಾಲು ಭಾಗ ಧಮನಿಯಿಂದ, ಮುಕ್ಕಾಲು ಭಾಗ ಕರುಳಿನ ಕಡೆಯಿಂದ ಬರುವ ಪೋರ್ಟಲ್ ನಾಳದಿಂದ. ಲಿವರಿನದೇ ಕ್ಯಾನ್ಸರ್ ಮುಖ್ಯವಾಗಿ ಧಮನಿಯ ರಕ್ತ ಕುಡಿಯುತ್ತದೆ. ಧಮನಿಯ ಹಂತ 10–20 ಸೆಕೆಂಡಿಗೆ ಶುರುವಾಗಿ 30–45ಕ್ಕೆ ಮುಗಿಯುತ್ತದೆ. ಆಗ ಗಂಟು ಸುತ್ತಲಿನ ಲಿವರಿಗಿಂತ ಹೆಚ್ಚು ಬೆಳಗಬೇಕು. ಎರಡು ನಿಮಿಷದವರೆಗೆ ಪೋರ್ಟಲ್ ಹಂತ, ಅಲ್ಲಿಂದ ಮುಂದೆ ಗುಳ್ಳೆ ತೀರುವವರೆಗೆ, ಅಂದರೆ ನಾಲ್ಕರಿಂದ ಆರು ನಿಮಿಷದವರೆಗೆ, ಕೊನೆಯ ಹಂತ. ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್-ಬಿ ಇರುವವರಲ್ಲಿ 1 ಸೆಂ.ಮೀ. ಮೇಲ್ಪಟ್ಟ ಗಂಟು ಮೊದಲು ಇಡಿಯಾಗಿ ಬೆಳಗಿ, 60 ಸೆಕೆಂಡು ಕಳೆದ ಮೇಲೆ ನಿಧಾನವಾಗಿ, ಸ್ವಲ್ಪವೇ ಮಸುಕಾದರೆ ಅದು ಲಿವರಿನ ಕ್ಯಾನ್ಸರ್ ಎಂದು ಬಯಾಪ್ಸಿ ಇಲ್ಲದೆಯೇ ಹೇಳಬಹುದು. 60 ಸೆಕೆಂಡಿನೊಳಗೇ ಮಸುಕಾದರೆ, ಅಥವಾ ಎರಡು ನಿಮಿಷದಲ್ಲಿ ತೂತು ಕೊರೆದಂತೆ ಕಪ್ಪಾದರೆ ಬೇರೆ ಕಡೆಯಿಂದ ಬಂದ ಕ್ಯಾನ್ಸರ್ ಅಥವಾ ಪಿತ್ತನಾಳದ ಕ್ಯಾನ್ಸರಿನ ಅನುಮಾನ, ಬಯಾಪ್ಸಿ ಬೇಕು. ಅಂಚಿನಲ್ಲಿ ಮಣಿ ಪೋಣಿಸಿದಂತೆ ಬೆಳಗಿ ಒಳಮುಖವಾಗಿ ತುಂಬುತ್ತ ಹೋಗಿ ಕೊನೆಯವರೆಗೂ ಬೆಳ್ಳಗೇ ಉಳಿದರೆ ಹೆಮ್ಯಾಂಜಿಯೋಮಾ, ಅಂದರೆ ರಕ್ತನಾಳಗಳದೇ ಗಂಟು, ನಿರುಪದ್ರವಿ.

ಇದರಲ್ಲಿ ಗುಳ್ಳೆಗೆ ಸಿಟಿ ಬಣ್ಣಕ್ಕಿಲ್ಲದ ಒಂದು ಅನುಕೂಲವಿದೆ. ಸಿಟಿಯ ಬಣ್ಣ ನಾಳದಿಂದ ಸೋರಿ ಮಾಂಸದೊಳಗೆ ಇಳಿಯುತ್ತದೆ. ಗುಳ್ಳೆ ನಾಳ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಆದ್ದರಿಂದ ಮಸುಕಾಗುವುದು ಕಂಡರೆ ಅದು ನಿಜವಾಗಿ ರಕ್ತದ ಕಥೆ.

ಆದರೆ ಮಸುಕು ಹುಸಿಯೂ ಆಗಬಹುದು, ಎಚ್ಚರ ಬೇಕಾದ್ದು ಇಲ್ಲಿ. ಪ್ರೋಬನ್ನು, ಅಂದರೆ ಹೊಟ್ಟೆಯ ಮೇಲೆ ಆಡಿಸುವ ಸ್ಕ್ಯಾನಿನ ಹಿಡಿಯನ್ನು, ಒಂದೇ ಜಾಗದಲ್ಲಿ ಐದು ನಿಮಿಷ ಎತ್ತದೆ ಹಿಡಿದರೆ ಎಂಐ ಕಡಿಮೆ ಇದ್ದರೂ ಆ ಪಟ್ಟಿಯ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತವೆ. ರಕ್ತ ನಿಧಾನವಾಗಿ ಹರಿಯುವ ಹೆಮ್ಯಾಂಜಿಯೋಮಾದಂಥ ಗಂಟಿನಲ್ಲಿ ಹೊಸ ಗುಳ್ಳೆ ಬಂದು ತುಂಬುವುದಿಲ್ಲ. ನೋಡಿದವರಿಗೆ ಗಂಟು ಮಸುಕಾದಂತೆ ಕಾಣುತ್ತದೆ, ಇಲ್ಲದ ಕ್ಯಾನ್ಸರ್ ರಿಪೋರ್ಟಿಗೆ ಬರುತ್ತದೆ. ಸರಿಯಾದ ಕ್ರಮ: ಮೊದಲ 60 ಸೆಕೆಂಡು ಬಿಡದೆ ನೋಡಿ ವಿಡಿಯೋ ದಾಖಲಿಸುವುದು, ಆಮೇಲೆ 30 ಸೆಕೆಂಡಿಗೊಮ್ಮೆ ಒಂದೆರಡು ಉಸಿರಿನಷ್ಟು ಹೊತ್ತು ಮಾತ್ರ ನೋಡುವುದು, ನಡುವೆ ಪ್ರೋಬ್ ಎತ್ತುವುದು. ಇದಕ್ಕೆ ಉಲ್ಟಾ ತಪ್ಪೂ ಉಂಟು. ಎರಡು ನಿಮಿಷಕ್ಕೇ ಕೈ ತೊಳೆದುಕೊಂಡು ಹೋಗುವುದು. ಸೌಮ್ಯ ಸ್ವಭಾವದ ಲಿವರ್ ಕ್ಯಾನ್ಸರ್ ಎಷ್ಟೋ ಸಲ ಮೂರು, ನಾಲ್ಕು ನಿಮಿಷ ಕಳೆದ ಮೇಲೆಯೇ ಮಸುಕಾಗುತ್ತದೆ. ರಿಪೋರ್ಟಿನಲ್ಲಿ ಎಷ್ಟನೇ ಸೆಕೆಂಡಿಗೆ ಬೆಳಗಿತು, ಎಷ್ಟನೇ ಸೆಕೆಂಡಿಗೆ ಮಸುಕಾಯಿತು, ಎಲ್ಲಿಯವರೆಗೆ ನೋಡಿದರು ಎಂದು ಬರೆದಿರಬೇಕು. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಅನುಮಾನ ಉಳಿದರೆ ಅದೇ ಬಾಟಲಿಯಲ್ಲಿ ಇನ್ನೊಂದು ಡೋಸ್ ಇದ್ದೇ ಇರುತ್ತದೆ. ಹದಿನೈದು ನಿಮಿಷ ಬಿಟ್ಟು ಅದೇ ಪೇಷಂಟಿಗೆ ಮತ್ತೆ ಕೊಟ್ಟು ನೋಡಬಹುದು.

ಮಿತಿಗಳನ್ನೂ ಹೇಳಬೇಕು. ಮಾಮೂಲಿ ಸೋನೋಗ್ರಫಿಯಲ್ಲಿ ಗಂಟು ಸ್ಪಷ್ಟವಾಗಿ ಕಾಣದಿದ್ದರೆ ಗುಳ್ಳೆ ಬಿಟ್ಟರೂ ಕಾಣುವುದಿಲ್ಲ. ಡಯಾಫ್ರಮ್ (ಎದೆ, ಹೊಟ್ಟೆಯ ನಡುವಿನ ಪರದೆ) ಕೆಳಗೆ ಅಡಗಿದ್ದು, ಚರ್ಮದಿಂದ 10–12 ಸೆಂ.ಮೀ.ಗಿಂತ ಆಳದಲ್ಲಿರುವುದು, ಕೊಬ್ಬು ತುಂಬಿದ ಲಿವರಿನ ಹಿಂಭಾಗದಲ್ಲಿರುವುದು ಕಷ್ಟ. ಒಂದು ಇಂಜೆಕ್ಷನ್‌ಗೆ ಧಮನಿಯ ಹಂತದಲ್ಲಿ ಒಂದೇ ಗಂಟನ್ನು ನೋಡಲು ಸಾಧ್ಯ. ಇಡೀ ಲಿವರ್ ಹುಡುಕಿ ಎಷ್ಟು ಗಂಟಿವೆ ಎಂದು ಹೇಳುವ ಪರೀಕ್ಷೆ ಇದಲ್ಲ. ಹಾಗಾಗಿ ಕ್ಯಾನ್ಸರ್ ಎಂದು ಬಂದರೆ ಚಿಕಿತ್ಸೆಗೆ ಮುಂಚೆ ಎಂಆರ್‌ಐ ಅಥವಾ ಸಿಟಿ ಹೇಗೂ ಬೇಕಾಗುತ್ತದೆ. ಎಂಆರ್‌ಐಗೆ ಕೊಡುವ ಗ್ಯಾಡೋಲಿನಿಯಂ ಬಣ್ಣಗಳಲ್ಲಿ ಕಿಡ್ನಿ ಸೋತವರಿಗೂ ಅಪಾಯ ಬಹಳ ಕಡಿಮೆ ಎನ್ನಲಾದ ಒಂದು ಗುಂಪು ಇದೆ. ಯಾವುದು ಎಂಬುದನ್ನು ನಿಮ್ಮ ಕಿಡ್ನಿ ಡಾಕ್ಟರ್, ರೇಡಿಯಾಲಜಿಸ್ಟ್ ಇಬ್ಬರೂ ಕೂತು ತೀರ್ಮಾನಿಸಲಿ.

ಅಪಾಯ ಇಲ್ಲವೇ ಇಲ್ಲ ಎಂದು ಹೇಳುವವರನ್ನು ನಂಬಬೇಡಿ. ಸೋನೋವ್ಯೂ ಕೊಟ್ಟು ಮಾಡಿದ 23,188 ಹೊಟ್ಟೆಯ ಪರೀಕ್ಷೆಗಳ ಇಟಲಿಯ ದಾಖಲೆ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಂಭೀರ ತೊಂದರೆ ಆದದ್ದು ಎರಡರಲ್ಲಿ. ಅಪರೂಪ, ಆದರೆ ಬಂದರೆ ಅಲರ್ಜಿಯ ರೂಪದಲ್ಲಿ, ಹೆಚ್ಚಾಗಿ ಮೊದಲ ಅರ್ಧ ಗಂಟೆಯೊಳಗೆ. ಬಿಪಿ ಇಳಿಯುವುದು, ಉಬ್ಬಸ, ಮೈಮೇಲೆ ದದ್ದು. ಅದಕ್ಕೇ ಕೋಣೆಯಲ್ಲಿ ಅಡ್ರಿನಾಲಿನ್ ಇರಬೇಕು, ಪರೀಕ್ಷೆ ಆದ ಮೇಲೆ 30 ನಿಮಿಷ ಕ್ಯಾನುಲಾ ತೆಗೆಯದೆ ಕೂರಿಸಬೇಕು. ಈ ಔಷಧದಲ್ಲಿ ಮ್ಯಾಕ್ರೋಗಾಲ್, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್ ಇದೆ. ಕೊಲೊನೊಸ್ಕೋಪಿಗೆ ಮುಂಚೆ ಹೊಟ್ಟೆ ತೊಳೆಯಲು ನೀರಲ್ಲಿ ಕಲಸಿ ಕುಡಿಸುವ ಪುಡಿಯಲ್ಲೂ ಅದೇ ಇರುತ್ತದೆ. ಕಾಕಾ ಅವರಿಗೆ ಆ ಪುಡಿ ಕುಡಿದಾಗ ಮೈ ಕೆರೆತ, ಮುಖ ಊತ ಆಗಿದ್ದರೆ ಮೊದಲೇ ಹೇಳಿ, ಆಗ ಈ ಪರೀಕ್ಷೆ ಬೇಡ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಶ್ವಾಸಕೋಶದ ನಾಳದ ಬಿಪಿ ವಿಪರೀತ ಇದ್ದರೆ ಅದನ್ನೂ ಹೇಳಬೇಕು.

ಹೆಸರಿನ ಗೊಂದಲ ಒಂದನ್ನು ಇಲ್ಲೇ ಬಿಡಿಸುತ್ತೇನೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವವರು 'ಬಬಲ್ ಟೆಸ್ಟ್' ಎಂದರೆ ಅದು ಬೇರೆ. ಎರಡು 10 ಎಂಎಲ್ ಸಿರಿಂಜ್, ನಡುವೆ ತ್ರೀ-ವೇ, 9 ಎಂಎಲ್ ಸಲೈನ್, 1 ಎಂಎಲ್‌ಗಿಂತ ಹೆಚ್ಚಿಲ್ಲದ ಗಾಳಿ. ಆ ಕಡೆ ಈ ಕಡೆ ಹತ್ತಾರು ಸಲ ತಳ್ಳಿ ನೊರೆ ಮಾಡಿ ಕೊಡುತ್ತಾರೆ. ಈ ಗುಳ್ಳೆಗಳು ದೊಡ್ಡವು, ಶ್ವಾಸಕೋಶ ದಾಟಲಾರವು. ಹೃದಯದ ಎಡಭಾಗದಲ್ಲಿ ಮೂರು ಬಡಿತದೊಳಗೆ ಕಂಡರೆ ಹೃದಯದ ಗೋಡೆಯಲ್ಲಿ ರಂಧ್ರ, ಮೂರರಿಂದ ಆರು ಬಡಿತ ತಡವಾಗಿ ಕಂಡರೆ ಶ್ವಾಸಕೋಶದೊಳಗಿನ ಅಡ್ಡದಾರಿ. ಸಿರೋಸಿಸ್ ಇರುವವರಲ್ಲಿ ಈ ಎರಡನೆಯದು ಆಗುವುದುಂಟು. ಕಾಕಾ ಅವರಿಗೆ ಕೂತಾಗ ದಮ್ಮು ಹೆಚ್ಚಾಗಿ ಮಲಗಿದಾಗ ಕಡಿಮೆಯಾಗುತ್ತಿದ್ದರೆ ಈ ಟೆಸ್ಟಿನ ಮಾತು ಡಾಕ್ಟರ ಹತ್ತಿರ ಎತ್ತಿ.

ಇನ್ನು ಗುಳ್ಳೆಯಲ್ಲಿ ಔಷಧ. ನೀವು ಕೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಗುಳ್ಳೆಯ ಕೊಬ್ಬಿನ ಪೊರೆ ಒಂದೇ ಅಣುವಿನಷ್ಟು ದಪ್ಪ. ಒಳಗೆ ಅನಿಲ ಬಿಟ್ಟರೆ ಜಾಗವಿಲ್ಲ. ಅಂಥ ಪೊರೆಗೆ ಅಂಟಿಸಬಹುದಾದ ಕಿಮೋ ಔಷಧ ತೀರ ಕಡಿಮೆ. ಹಾಗಾಗಿ ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿ ಹೆಚ್ಚಿನವು ಔಷಧ ತುಂಬಿದ ಗುಳ್ಳೆಯವಲ್ಲ. ಮಾಮೂಲಿ ಕಿಮೋ ಮಾಮೂಲಿ ರೀತಿಯಲ್ಲಿ ಕೊಟ್ಟು, ಜೊತೆಗೆ ಮಾಮೂಲಿ ಗುಳ್ಳೆ ಬಿಟ್ಟು, ಗಡ್ಡೆ ಇರುವ ಜಾಗಕ್ಕೆ ಮಾತ್ರ ಶಬ್ದ ಹರಿಸುತ್ತಾರೆ. ಅಲ್ಲಿ ಗುಳ್ಳೆಗಳು ಒಡೆಯದೆ ಹಿಗ್ಗಿ ಕುಗ್ಗುತ್ತ ನಾಳದ ಗೋಡೆಯನ್ನು ತಿಕ್ಕಿ, ಕೋಶಗಳ ನಡುವಿನ ಬೆಸುಗೆ ಸಡಿಲಿಸುತ್ತವೆ. ಔಷಧ ಆ ಸಂದಿಯಿಂದ ಹೊರಗಿಳಿಯುತ್ತದೆ. ಒತ್ತಡ ಮೀರಿದರೆ ಗುಳ್ಳೆ ಕುಸಿದು ಸಿಡಿಯುತ್ತದೆ, ರಕ್ತಸ್ರಾವವಾಗುತ್ತದೆ. ಎರಡರ ನಡುವಿನ ಅಂತರ ಕಿರಿದು. ಅದಕ್ಕೆ ಒಳ್ಳೆಯ ಯಂತ್ರಗಳು ಗುಳ್ಳೆಯ ಸದ್ದನ್ನು ಪ್ರತಿ ಕ್ಷಣ ಆಲಿಸಿ, ಸಿಡಿಯುವ ಕರ್ಕಶ ಸದ್ದು ಬಂದರೆ ಶಕ್ತಿ ತಗ್ಗಿಸುತ್ತವೆ.

ಹೆಚ್ಚು ಕೆಲಸ ಆಗಿರುವುದು ಮಿದುಳಿನಲ್ಲಿ. ಮಿದುಳಿನ ನಾಳಗಳು ಹೆಚ್ಚಿನ ಔಷಧಗಳನ್ನು ಒಳಬಿಡುವುದಿಲ್ಲ. ಆ ತಡೆಯನ್ನು ಗುಳ್ಳೆ ಮತ್ತು ಶಬ್ದದಿಂದ ಹಾನಿಯಿಲ್ಲದೆ ತೆರೆಯಬಹುದು ಎಂದು ಹೈನಿನೆನ್ ತಂಡ 2001ರಲ್ಲಿ ಮೊಲಗಳಲ್ಲಿ ತೋರಿಸಿತು. ತೆರೆದದ್ದು ಒಂದು ದಿನದೊಳಗೆ ಬಹುಪಾಲು ಮತ್ತೆ ಮುಚ್ಚಿಕೊಳ್ಳುತ್ತದೆ. ಮಿದುಳಿನ ಗಡ್ಡೆ, ಅಲ್ಜೈಮರ್ ರೋಗಿಗಳಲ್ಲಿ ಪ್ರಯೋಗಗಳು ನಡೆದಿವೆ. ಹೊಟ್ಟೆಯ ಕಡೆ ಹೆಸರಾದದ್ದು ನಾರ್ವೆಯ ಬರ್ಗೆನ್‌ನ ಪ್ರಯೋಗ: ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನ ಹತ್ತು ರೋಗಿಗಳಿಗೆ ಜೆಮ್‌ಸೈಟಬಿನ್ ಎಂಬ ಕಿಮೋ ಜೊತೆ ಸೋನೋವ್ಯೂ ಮತ್ತು ಶಬ್ದ ಕೊಟ್ಟರು, ವರದಿ 2016ರದು. ಬದುಕಿದ ಮಧ್ಯಮ ಅವಧಿ 17.6 ತಿಂಗಳು, ಹೋಲಿಸಿದ ಹಳೆಯ ರೋಗಿಗಳಲ್ಲಿ 8.9. ಅಂಕಿ ಆಸೆ ಹುಟ್ಟಿಸುತ್ತದೆ, ಆದರೆ ಹತ್ತೇ ಜನ, ಹೋಲಿಕೆ ಹಿಂದಿನ ಫೈಲುಗಳ ಜೊತೆ. ಇಷ್ಟರಿಂದ ಚಿಕಿತ್ಸೆ ಆಗುವುದಿಲ್ಲ.

ಆದ್ದರಿಂದ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ: ಕೂಡೇ ಮಾಡಿಸಲು ಬರುವುದಿಲ್ಲ, ಅದಕ್ಕಾಗಿ ಕಾಯಲೂಬೇಡಿ. ಯಾರಾದರೂ 'ಗುಳ್ಳೆ ಚಿಕಿತ್ಸೆ' ಎಂದು ದುಡ್ಡು ಕೇಳಿದರೆ ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪುಸ್ತಕ) ನೋಂದಣಿ ಸಂಖ್ಯೆ, ಎಥಿಕ್ಸ್ ಕಮಿಟಿಯ ಅನುಮತಿ, ಕನ್ನಡದ ಒಪ್ಪಿಗೆ ಪತ್ರ ತೋರಿಸಿ ಎನ್ನಿ. 2.2 ಸೆಂ.ಮೀ. ಒಂದೇ ಗಂಟು ಕ್ಯಾನ್ಸರ್ ಆಗಿದ್ದರೂ ಸೂಜಿ ಚುಚ್ಚಿ ಸುಡುವ ಚಿಕಿತ್ಸೆ, ಆಪರೇಷನ್, ಲಿವರ್ ಕಸಿ, ಈ ಮೂರರ ಬಗ್ಗೆಯೂ ಮಾತಾಡಬಹುದಾದ ಹಂತ ಅದು. ಸುಡುವಾಗ ಸೂಜಿ ಸರಿಯಾದ ಜಾಗಕ್ಕೆ ಹೋಯಿತೇ, ಅಂಚಿನಲ್ಲಿ ಏನಾದರೂ ಉಳಿಯಿತೇ ಎಂದು ನೋಡಲು ಇದೇ ಗುಳ್ಳೆ ಕಾಂಟ್ರಾಸ್ಟ್ ಮತ್ತೆ ಬಳಕೆಗೆ ಬರುತ್ತದೆ.

ಹೊರಡುವ ಮುಂಚೆ ಫೋನ್ ಮಾಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಆದರೆ ಯಂತ್ರ ಹೊಸದಿದ್ದ ಮಾತ್ರಕ್ಕೆ ಸಾಲದು. ಯಂತ್ರದಲ್ಲಿ ಕಡಿಮೆ ಎಂಐನ ಕಾಂಟ್ರಾಸ್ಟ್ ಮೋಡ್ ಇದೆಯೇ, ಔಷಧದ ಬಾಟಲಿ ತರಿಸಿಟ್ಟಿದ್ದಾರೆಯೇ ಅಥವಾ ನೀವೇ ತರಬೇಕೇ, ಲಿವರ್ ಗಂಟುಗಳಿಗೆ ಇದನ್ನು ರೂಢಿಯಾಗಿ ಮಾಡುವವರು ಆ ದಿನ ಇರುತ್ತಾರೆಯೇ, ಈ ಮೂರನ್ನು ಕೇಳಿ. ಜಮಖಂಡಿಯ ರಿಪೋರ್ಟಿನ ಕಾಗದವಷ್ಟೇ ಅಲ್ಲ, ಚಿತ್ರಗಳೂ ಬೇಕು. ಗಂಟು ಯಾವ ಭಾಗದಲ್ಲಿದೆ ಎಂದು ಅದರಿಂದಲೇ ಹುಡುಕುತ್ತಾರೆ. ಎಎಫ್‌ಪಿ (ಲಿವರ್ ಕ್ಯಾನ್ಸರಿನ ಸುಳಿವು ಕೊಡುವ ರಕ್ತ ಪರೀಕ್ಷೆ), ರಕ್ತ ಹೆಪ್ಪುಗಟ್ಟುವ ಶಕ್ತಿ ತಿಳಿಸುವ ಪ್ಲೇಟ್‌ಲೆಟ್, ಐಎನ್‌ಆರ್ ರಿಪೋರ್ಟುಗಳನ್ನೂ ಒಯ್ಯಿರಿ, ಬಯಾಪ್ಸಿ ಮಾತು ಬಂದರೆ ಮತ್ತೊಂದು ಓಡಾಟ ಉಳಿಯುತ್ತದೆ. ಆರು ಗಂಟೆ ಹೊಟ್ಟೆ ಖಾಲಿ ಇರಲಿ, ಬಿಪಿ ಗುಳಿಗೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಬಹುದು. ಸಕ್ಕರೆ ಕಾಯಿಲೆಯ ಔಷಧವಿದ್ದರೆ ಖಾಲಿ ಹೊಟ್ಟೆಗೆ ಬೇಡ, ಡಾಕ್ಟರನ್ನು ಕೇಳಿ. ಉಸಿರು ಸ್ವಲ್ಪ ಎಳೆದು ಹತ್ತು-ಹದಿನೈದು ಸೆಕೆಂಡು ಹಿಡಿಯುವುದನ್ನು ಮನೆಯಲ್ಲೇ ನಾಲ್ಕು ಸಲ ರೂಢಿ ಮಾಡಿಸಿ. ಧಮನಿಯ ಹಂತದಲ್ಲಿ ಗಂಟು ಉಸಿರಿನ ಜೊತೆ ಪರದೆಯಿಂದ ಜಾರಿಹೋದರೆ ಆ ಡೋಸ್ ವ್ಯರ್ಥ. ಜೊತೆಗೆ ಹೋಗುವವರು ತಮ್ಮ ರಕ್ತದಲ್ಲೂ ಹೆಪಟೈಟಿಸ್-ಬಿ ಪರೀಕ್ಷೆ ಇನ್ನೂ ಮಾಡಿಸಿಲ್ಲದಿದ್ದರೆ ಅದೇ ದಿನ ಮಾಡಿಸಿಕೊಳ್ಳಲಿ, ಇಲ್ಲವೆಂದು ಬಂದರೆ ಲಸಿಕೆ ಹಾಕಿಸಿಕೊಳ್ಳಬಹುದು. ಪರೀಕ್ಷೆ ಮುಗಿದು ಅರ್ಧ ಗಂಟೆ ಕಳೆದ ಮೇಲೆ ಕಾಕಾ ಊಟ ಮಾಡಿ, ಸಂಜೆ ಬಸ್ಸಿಗೇ ಊರಿಗೆ ಮರಳಬಹುದು.